ಅಡಿಸನ್ ಅವೆನ್ಯೂದ ಸಣ್ಣ ಗ್ಯಾರೇಜು

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಊರಿನಲ್ಲಿ ಅಡಿಸನ್ ಅವೆನ್ಯೂ ಅಂತ ಒಂದು ಬೀದಿ ಇದೆ. ಅಲ್ಲಿ 367ನೇ ನಂಬರಿನ ಮನೆಯ ಹಿಂದೆ ಮರದ ಹಲಗೆಗಳ ಒಂದು ಗ್ಯಾರೇಜು: 12 ಅಡಿ ಅಗಲ, 18 ಅಡಿ ಉದ್ದ. 1938ರಲ್ಲಿ ಬಿಲ್ ಹ್ಯೂಲೆಟ್ ಮತ್ತು ಡೇವ್ ಪ್ಯಾಕರ್ಡ್ ಇಲ್ಲಿ ಕೆಲಸ ಶುರು ಮಾಡಿದರು. ಮುಂದೆ ಅದೇ ಎಚ್‌ಪಿ ಕಂಪನಿ ಆಯಿತು. ಇಬ್ಬರು ಜಾಣ ಹುಡುಗರು, 538 ಡಾಲರ್ ಬಂಡವಾಳ, ಒಂದು ಗ್ಯಾರೇಜು. ಈ ಕತೆ ನೀವು ಕೇಳಿಯೇ ಇರ್ತೀರಿ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವ ಪ್ರಶ್ನೆ ಬೇರೆ. 216 ಚದರ ಅಡಿಯಲ್ಲಿ ಅಷ್ಟೊಂದು ಕೆಲಸ ಹಿಡಿಸಿದ್ದು ಹೇಗೆ? ನಮ್ಮಲ್ಲಿ ಅನೇಕರ ಮನೆಯ ಒಂದು ಕಾರಿನ ಗ್ಯಾರೇಜು ಹೆಚ್ಚುಕಡಿಮೆ ಇಷ್ಟೇ ಇರುತ್ತೆ. ಅದರಲ್ಲಿ ನಾಲ್ಕು ಸೂಟ್‌ಕೇಸು, ಒಂದು ಸೈಕಲ್ಲು ಇಟ್ಟರೆ ಓಡಾಡೋಕೆ ಜಾಗ ಇರಲ್ಲ.

ಮೊದಲು ಅಳತೆಯ ಮಾತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಉದ್ದ ಸುಮಾರು 11 ಅಡಿ. ಅಂಥ ಕಾರಿಗೆ 18 ಅಡಿಯ ಗ್ಯಾರೇಜು ಧಾರಾಳ. ಈಗಿನ ಟೊಯೋಟ ಕ್ಯಾಮ್ರಿ 16 ಅಡಿ ಉದ್ದ, 6 ಅಡಿ ಅಗಲ. ನಿಲ್ಲಿಸಬಹುದು, ಆದರೆ ಉದ್ದಕ್ಕೆ 2 ಅಡಿ ಮಾತ್ರ ಉಳಿಯುತ್ತೆ, ಬಾಗಿಲು ತೆಗೆದು ಇಳಿಯುವಾಗ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಗ್ಯಾರೇಜಿನ ಬಾಗಿಲಿಗೂ ಒಂದು ಇತಿಹಾಸ ಇದೆ. ಹಳೆಯ ಗ್ಯಾರೇಜುಗಳಿಗೆ ಎರಡು ರೆಕ್ಕೆಯ, ಹೊರಗೆ ತೆರೆಯುವ ಬಾಗಿಲು ಇರುತ್ತಿತ್ತು. ಅಡಿಸನ್ ಅವೆನ್ಯೂದ್ದೂ ಹಾಗೇ. 1921ರಲ್ಲಿ ಸಿ. ಜಿ. ಜಾನ್ಸನ್ ಮೇಲಕ್ಕೆ ಎತ್ತುವ ಬಾಗಿಲು ಮಾಡಿದರು, 1926ರಲ್ಲಿ ಅದಕ್ಕೆ ಕರೆಂಟಿನ ಮೋಟಾರು ಕೂಡಿಸಿದರು. ಇದರಿಂದ ಅಂಗಳದ ಜಾಗ ಉಳಿಯಿತು, ಆದರೆ ಸೂರಿನ ಜಾಗ ಹೋಯಿತು. ರೆಕ್ಕೆ ಬಾಗಿಲಿನ ಗ್ಯಾರೇಜಿನಲ್ಲಿ ತಲೆಯ ಮೇಲೆ ಅಟ್ಟ ಕಟ್ಟಿಕೊಳ್ಳಬಹುದು. ಮೇಲೆತ್ತುವ ಬಾಗಿಲು ಇದ್ದರೆ ಅದರ ಹಳಿಗಳು ಅಲ್ಲೇ ಅಡ್ಡ ಬರುತ್ತವೆ.

ಈಗ ಮತ್ತೆ 1938. ಮನೆ ಬಾಡಿಗೆ ತಿಂಗಳಿಗೆ 45 ಡಾಲರ್. ಕೆಳಗಿನ ಭಾಗದಲ್ಲಿ ಡೇವ್ ಮತ್ತು ಅವರ ಹೆಂಡತಿ ಲೂಸಿಲ್, ಹೊಸದಾಗಿ ಮದುವೆಯಾದವರು. ಬಿಲ್ ಇನ್ನೂ ಬ್ರಹ್ಮಚಾರಿ, ಮಲಗುತ್ತಿದ್ದದ್ದು ಹಿತ್ತಲಿನ ಶೆಡ್ಡಿನಲ್ಲಿ. ಗ್ಯಾರೇಜಿನಲ್ಲಿ ಇದ್ದದ್ದು ಒಂದು ಕೆಲಸದ ಮೇಜು, ಡೇವ್ ತಂದಿದ್ದ ಹಳೆಯ ಡ್ರಿಲ್ ಪ್ರೆಸ್, ಕೆಲವು ಕೈಸಾಮಾನು. ಅಷ್ಟೇ.

ಮೊದಮೊದಲು ಯಾರು ಏನು ಕೇಳಿದರೂ ಮಾಡಿಕೊಟ್ಟರು. ಬೌಲಿಂಗ್ ಆಟದಲ್ಲಿ ಗೆರೆ ದಾಟಿದರೆ ತೋರಿಸುವ ಸಾಧನ, ದೂರದರ್ಶಕವನ್ನು ತಿರುಗಿಸುವ ಯಂತ್ರ, ತೂಕ ಇಳಿಸಲು ಶಾಕ್ ಕೊಡುವ ಪೆಟ್ಟಿಗೆ! ಆಮೇಲೆ ಒಂದೇ ವಸ್ತುವಿನ ಮೇಲೆ ನಿಂತರು: ಆಡಿಯೋ ಆಸಿಲೇಟರ್, ಅಂದರೆ ಬೇಕಾದ ಕಂಪನಾಂಕದ ಧ್ವನಿ ಸಂಕೇತ ಹುಟ್ಟಿಸುವ ಉಪಕರಣ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಬಿಲ್ ಕಂಡುಕೊಂಡಿದ್ದ ಉಪಾಯ ಸರಳವಾಗಿತ್ತು. ಒಂದು ಮಾಮೂಲಿ ಸಣ್ಣ ಬಲ್ಬನ್ನೇ ಸರ್ಕ್ಯೂಟಿನೊಳಗೆ ಹಾಕಿದರು. ಸಂಕೇತ ಜೋರಾದರೆ ಬಲ್ಬಿನ ತಂತಿ ಬಿಸಿಯಾಗಿ ಅದರ ತಡೆ ಹೆಚ್ಚುತ್ತೆ, ಆಗ ಸಂಕೇತ ತಾನೇ ತಗ್ಗುತ್ತೆ. ಹಾಗಾಗಿ ಬೇರೆಯವರು 200 ಡಾಲರಿಗೂ ಮೇಲೆ ಮಾರುತ್ತಿದ್ದದ್ದನ್ನು ಇವರು 54 ಡಾಲರ್ 40 ಸೆಂಟಿಗೆ ಕೊಡಲು ಹೊರಟರು. ಡಿಸ್ನಿ ಕಂಪನಿ 'ಫ್ಯಾಂಟೇಸಿಯಾ' ಸಿನಿಮಾದ ಧ್ವನಿ ಕೆಲಸಕ್ಕೆ ಇದರ ಸುಧಾರಿಸಿದ ಮಾದರಿ ಎಂಟು ಕೊಂಡಿತು, ಒಂದಕ್ಕೆ 71 ಡಾಲರ್ 50 ಸೆಂಟು. 1939ರ ಕೊನೆಗೆ ಒಟ್ಟು ಮಾರಾಟ 5,369 ಡಾಲರ್, ಲಾಭ 1,563.

ಜಾಗ ಸಾಲದಿದ್ದಾಗ ಏನು ಮಾಡುತ್ತಿದ್ದರು? ನನ್ನ ಪ್ರಕಾರ ಇಡೀ ಕತೆಯ ಜೀವ ಇಲ್ಲಿದೆ. ಲೋಹದ ಫಲಕಗಳಿಗೆ ಬಣ್ಣ ಬಳಿದು ಲೂಸಿಲ್ ಅವರ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿ ಒಣಗಿಸುತ್ತಿದ್ದರು. (ಆಮೇಲೆ ಅದೇ ಓವನ್ನಿನಲ್ಲಿ ಊಟಕ್ಕೂ ಆಗಬೇಕು. ನಮ್ಮ ಅಮ್ಮಂದಿರು ಒಪ್ಪುತ್ತಿದ್ದರೇ?) ದೊಡ್ಡ ಯಂತ್ರ ಬೇಕಾದರೆ ರೆಡ್‌ವುಡ್ ಸಿಟಿಯಲ್ಲಿದ್ದ ಚಾರ್ಲ್ಸ್ ಲಿಟನ್ ಅವರ ಕಾರ್ಯಾಗಾರ. ಪ್ರಯೋಗಕ್ಕೆ ಪ್ರೊಫೆಸರ್ ಫ್ರೆಡ್ ಟರ್ಮನ್ ಅವರ ಸ್ಟ್ಯಾನ್‌ಫರ್ಡ್ ಲ್ಯಾಬು. ಪತ್ರ ಟೈಪು ಮಾಡುವುದು, ಲೆಕ್ಕ ಬರೆಯುವುದು ಲೂಸಿಲ್. ಜತೆಗೆ ಅವರು ಸ್ಟ್ಯಾನ್‌ಫರ್ಡ್‌ನ ರಿಜಿಸ್ಟ್ರಾರ್ ಕಚೇರಿಯಲ್ಲಿ ನೌಕರಿ ಮಾಡುತ್ತಿದ್ದರು, ಮನೆಗೆ ಸಂಬಳ ತರುತ್ತಿದ್ದವರು ಅವರು. ಅಂದರೆ ಗ್ಯಾರೇಜು ಸಣ್ಣದಾಗಿದ್ದರೂ ಸಾಕಾಗಿದ್ದು, ಅದರ ಅರ್ಧ ಕೆಲಸ ಹೊರಗೆ ನಡೆಯುತ್ತಿದ್ದರಿಂದ.

1987ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಈ ಜಾಗವನ್ನು ಐತಿಹಾಸಿಕ ಸ್ಮಾರಕ ಅಂತ ಘೋಷಿಸಿತು. ಮನೆಯ ಮುಂದಿನ ಫಲಕದಲ್ಲಿ ಟರ್ಮನ್ ಹೆಸರಿದೆ, ಹ್ಯೂಲೆಟ್ ಹೆಸರಿದೆ, ಪ್ಯಾಕರ್ಡ್ ಹೆಸರಿದೆ. ಲೂಸಿಲ್ ಹೆಸರಿಲ್ಲ. ಓವನ್ನಿನ ವಿಷಯ ಬೇಡ, ಸಂಬಳದ ವಿಷಯವಾದರೂ ಬರೆಯಬಹುದಿತ್ತು.

ಟರ್ಮನ್ ಆಮೇಲೆ ಒಂದು ತಮಾಷೆಯ ಲೆಕ್ಕ ಹೇಳುತ್ತಿದ್ದರು. ಆ ಮನೆ ಕಡೆ ಹೋದಾಗ ಕಾರು ಗ್ಯಾರೇಜಿನೊಳಗಿದ್ದರೆ ಹುಡುಗರಿಗೆ ಆರ್ಡರ್ ಇಲ್ಲ ಅಂತ, ಕಾರು ಹೊರಗೆ ನಿಂತಿದ್ದರೆ ವ್ಯಾಪಾರ ಚೆನ್ನಾಗಿದೆ ಅಂತ. ಆ ಜಾಗ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ, ಕಾರಿಗೆ ಇಲ್ಲವೇ ಕಸುಬಿಗೆ. 1940ರಲ್ಲಿ ಬಾಡಿಗೆ ಕಟ್ಟಡ ಹಿಡಿದು ಅಲ್ಲಿಂದ ಹೊರಟೂಬಿಟ್ಟರು.

ಇದಾಗಿ 40 ವರ್ಷಕ್ಕೆ, 1978ರಲ್ಲಿ, ಬೆಂಗಳೂರಿನಲ್ಲಿ ಇಂಥದ್ದೇ ಇನ್ನೊಂದು ಗ್ಯಾರೇಜು. ನಮ್ಮೂರ ಮಾತಿನಲ್ಲಿ ಕಾರ್ ಶೆಡ್ಡು. ಕಿರಣ್ ಮಜುಂದಾರ್ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಬಯೋಕಾನ್ ಶುರು ಮಾಡಿದರು. ಆಗ ಅವರಿಗೆ 25 ವರ್ಷ. ಬಿಯರ್ ತಯಾರಿಕೆಯ ವಿದ್ಯೆ ಕಲಿತಿದ್ದರೂ ಹೆಣ್ಣು ಅನ್ನುವ ಕಾರಣಕ್ಕೆ ಆ ಉದ್ಯಮದಲ್ಲಿ ಕೆಲಸ ಸಿಕ್ಕಿರಲಿಲ್ಲ. ಬ್ಯಾಂಕುಗಳೂ ಸಾಲ ಕೊಡಲು ಹಿಂದೆಮುಂದೆ ನೋಡಿದವು. ಮೊದಲು ಕೆಲಸಕ್ಕೆ ಸೇರಿದವರು ನಿವೃತ್ತರಾದ ಒಬ್ಬ ಗ್ಯಾರೇಜ್ ಮೆಕ್ಯಾನಿಕ್! ಪಪಾಯಿಯಿಂದ ಪಪೇಯ್ನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್, ಇವು ಮೊದಲ ಸರಕುಗಳು. ತಯಾರಿಕೆಗೆ ಹತ್ತಿರದಲ್ಲೇ 3,000 ಚದರ ಅಡಿಯ ಶೆಡ್ಡು ಹಿಡಿದರು. ಇಲ್ಲೂ ಗ್ಯಾರೇಜು ನಡುವಿನ ತಂಗುದಾಣ ಅಷ್ಟೇ.

ನಾನು ದತ್ತಾಂಶದ ಕೆಲಸ ಮಾಡೋನು, ಆದ್ದರಿಂದ ಒಂದು ಮಾತು ಹೇಳಲೇಬೇಕು. ಗೆದ್ದವರನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತೆ. ಏನೂ ಹುಟ್ಟದ ಗ್ಯಾರೇಜುಗಳ ಮುಂದೆ ಯಾರೂ ಫಲಕ ನೆಡುವುದಿಲ್ಲ. ಮಾಮೂಲಿ ಗ್ಯಾರೇಜುಗಳ ಪಾಡು ತಿಳಿಯಬೇಕಾದರೆ ಲಾಸ್ ಏಂಜಲೀಸಿನ ಒಂದು ಅಧ್ಯಯನ ನೋಡಬೇಕು. ಯುಸಿಎಲ್‌ಎ ಸಂಶೋಧಕರು 2001ರಿಂದ 2005ರವರೆಗೆ 32 ಮಧ್ಯಮವರ್ಗದ ಕುಟುಂಬಗಳ ಮನೆಗಳಲ್ಲಿ ಏನೇನು ವಸ್ತುಗಳಿವೆ ಅಂತ ದಾಖಲಿಸಿದರು. ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲು ಜಾಗವೇ ಇರಲಿಲ್ಲ. ಅಲ್ಲಿ ಕಸುಬೂ ಇಲ್ಲ, ಕಾರೂ ಇಲ್ಲ, ಮುಂದೆ ನೋಡೋಣ ಅಂತ ಇಟ್ಟ ಪೆಟ್ಟಿಗೆಗಳು.

ನಮ್ಮ ಗ್ಯಾರೇಜುಗಳಲ್ಲಿ ಆ ಪೆಟ್ಟಿಗೆಗಳು ಯಾವುವು ಅಂತ ನಿಮಗೆ ಗೊತ್ತು. 23 ಕಿಲೋ ಸೂಟ್‌ಕೇಸುಗಳು, ಗಣೇಶನ ಹಬ್ಬದ ಮಂಟಪ, ಊರಿಗೆ ಹೋಗುವಾಗ ಒಯ್ಯಲು ಸೇಲಿನಲ್ಲಿ ಕೊಂಡ ಸಾಮಾನು, ದೊಡ್ಡ ಊಟಕ್ಕೆಂದು ತಂದ ಡಬರಿಗಳು. ವರ್ಷಕ್ಕೆರಡು ಸಲ ಬೇಕಾಗುವ ಇವನ್ನು ಗೋಡೆಯ ಮೇಲ್ಭಾಗದ ಹಲಗೆಗೆ ಏರಿಸಿದರೆ ನೆಲ ಬಿಡುವಾಗುತ್ತೆ. ಮಂಟಪ, ಡಬರಿಗಳನ್ನು ನಾಲ್ಕು ಮನೆಯವರು ಸೇರಿ ಒಂದೊಂದೇ ಇಟ್ಟುಕೊಂಡರೂ ನಡೆಯುತ್ತೆ. ಲಿಟನ್ ಅವರ ಯಂತ್ರಗಳನ್ನು ಬಿಲ್, ಡೇವ್ ಬಳಸಿಕೊಂಡದ್ದೂ ಹೀಗೇ ತಾನೆ.

ಅಡಿಸನ್ ಅವೆನ್ಯೂದ ಆ ಮನೆಯನ್ನು ಎಚ್‌ಪಿ 2000ದಲ್ಲಿ 17 ಲಕ್ಷ ಡಾಲರಿಗೆ ಕೊಂಡುಕೊಂಡಿತು. 2005ರ ಹೊತ್ತಿಗೆ ಗ್ಯಾರೇಜನ್ನು ಹಳೆಯ ರೂಪಕ್ಕೆ ತಂದರು. ಸಾರ್ವಜನಿಕರಿಗೆ ಒಳಗೆ ಪ್ರವೇಶ ಇಲ್ಲ. ಫುಟ್‌ಪಾತಿನಲ್ಲಿ ನಿಂತರೆ ಡ್ರೈವ್‌ವೇ ಕೊನೆಯಲ್ಲಿ ಆ ಎರಡು ರೆಕ್ಕೆಯ ಬಾಗಿಲು ಕಾಣಿಸುತ್ತೆ.