ನಂಬಿಕೆ ಬೇಡದ ನಾಣ್ಯ, ನಂಬಿಕೆಯ ವಂತಿಗೆ

ಕ್ರಿಪ್ಟೋ ನಾಣ್ಯಗಳ ಮಾತು ಬಂದಾಗಲೆಲ್ಲ ಚರ್ಚೆ ಬೆಲೆ ಏರಿತೇ, ಇಳಿಯಿತೇ ಎಂಬಲ್ಲಿಗೆ ನಿಂತುಬಿಡುತ್ತದೆ. ಆ ನಾಣ್ಯವನ್ನು ನಡೆಸುವ ತಂತ್ರಾಂಶ ಬರೆಯುವವರು ಯಾರು, ಅವರ ಮನೆಬಾಡಿಗೆ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ನನ್ನನ್ನು ಕಾಡಿದ್ದು ಈ ಪ್ರಶ್ನೆಯೇ.

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿ 3ರಂದು. ಸತೋಶಿ ನಕಾಮೊಟೊ ಎಂಬ ಗುಪ್ತನಾಮದ ವ್ಯಕ್ತಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ವಹಿವಾಟುಗಳನ್ನು ಪರಿಶೀಲಿಸಿ ದಾಖಲಿಸುವ ಮೈನರ್‌ಗಳಿಗೆ ಹೊಸ ನಾಣ್ಯ ಸಿಗುವಂತೆ ನಿಯಮ ಮಾಡಿದ. ಕೋಡ್ ಬರೆಯುವವರಿಗೆ ಮಾತ್ರ ಆ ನಿಯಮದಲ್ಲಿ ಬಿಡಿಗಾಸೂ ಇರಲಿಲ್ಲ. 2012ರಲ್ಲಿ ಹುಟ್ಟಿದ ಬಿಟ್‌ಕಾಯಿನ್ ಫೌಂಡೇಶನ್ ಸದಸ್ಯರ ಶುಲ್ಕ, ದೇಣಿಗೆಗಳಿಂದ ಕೆಲವು ಕಾಲ ಸಂಬಳ ಕೊಟ್ಟಿತು. 2015ರ ಹೊತ್ತಿಗೆ ಅದರ ಬೊಕ್ಕಸ ಬಹುತೇಕ ಬರಿದಾಗಿತ್ತು. ಆ ಏಪ್ರಿಲ್‌ನಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಮೂವರು ಪ್ರಮುಖ ಡೆವಲಪರ್‌ಗಳ ಸಂಬಳದ ಹೊಣೆ ಹೊತ್ತಿತು.

ಇದು ನಾಣ್ಯಗಳಿಗಷ್ಟೇ ಅಂಟಿದ ಕಾಯಿಲೆಯಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಜಗತ್ತಿಗೆ ಒಂದು ಸಂಗತಿ ತಿಳಿಯಿತು: ಅಸಂಖ್ಯ ಜಾಲತಾಣಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಎಲ್ಲರೂ ಬಳಸುವ ವಸ್ತುವನ್ನು ಕಾಯುವ ಕೆಲಸ ಬೇರೆ ಯಾರೋ ನೋಡಿಕೊಳ್ಳುತ್ತಾರೆ ಎಂಬುದು ಎಲ್ಲರ ಭಾವನೆಯಾಗಿತ್ತು.

2014ರ ಏಪ್ರಿಲ್‌ನಲ್ಲಿ ಹುಟ್ಟಿದ ಮೊನೆರೋ ಈ ಪ್ರಶ್ನೆಗೆ ತನ್ನದೇ ಉತ್ತರ ಹುಡುಕಿತು. ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಮರೆಮಾಚುವ ನಾಣ್ಯ ಅದು. ಅದೇ ಬಗೆಯ ಇನ್ನೊಂದು ನಾಣ್ಯ ಜೀಕ್ಯಾಶ್ 2016ರಲ್ಲಿ ಬಂದಾಗ, ಮೊದಲ ನಾಲ್ಕು ವರ್ಷ ಹೊಸ ನಾಣ್ಯಗಳ ಶೇ. 20 ಭಾಗವನ್ನು ಸ್ಥಾಪಕರು, ಹೂಡಿಕೆದಾರರು ಮುಂತಾದವರಿಗೆ ಎಂದು ನಿಯಮದಲ್ಲೇ ಬರೆದಿಟ್ಟಿತು. ಮೊನೆರೋದಲ್ಲಿ ಅಂಥ ಪಾಲು ಇಲ್ಲ. ಅಲ್ಲಿ ನಡೆಯುವುದು ವಂತಿಗೆ.

ಕ್ರಮ ಸರಳ. ಕೆಲಸ ಮಾಡಬಯಸುವವರು ಏನು ಮಾಡುತ್ತೇನೆ, ಎಷ್ಟು ತಿಂಗಳು, ಎಷ್ಟು ಹಣ ಎಂದು ಬರೆದು ಎಲ್ಲರ ಮುಂದಿಡುತ್ತಾರೆ. ಜನ ಪ್ರಶ್ನೆ ಕೇಳುತ್ತಾರೆ, ಜಗಳವಾಡುತ್ತಾರೆ. ಒಪ್ಪಿಗೆಯಾದರೆ ವಂತಿಗೆ ಶುರು. ಕೂಡಿದ ಹಣ ಯೋಜನೆಯ ಮುಖ್ಯ ತಂಡದ ಬಳಿ ಇರುತ್ತದೆ. ಒಂದೊಂದು ಹಂತ ಮುಗಿದಂತೆ ಒಂದೊಂದು ಕಂತು ಬಿಡುಗಡೆಯಾಗುತ್ತದೆ. ಕೊಟ್ಟವರಿಗೆ ಪಾಲಿಲ್ಲ, ಬಡ್ಡಿಯಿಲ್ಲ. ಸಾರಂಗ್ ನೋಥರ್ ಎಂಬ ಗುಪ್ತನಾಮದ ಗಣಿತಜ್ಞ ಹೀಗೆ ಮೂರು ಮೂರು ತಿಂಗಳ ಲೆಕ್ಕದಲ್ಲಿ ಹಣ ಪಡೆದು ಸಂಶೋಧನೆ ಮಾಡಿದರು. ಕೊಟ್ಟವರ ಹೆಸರು ಯಾರಿಗೂ ತಿಳಿಯದು, ಪಡೆದವರದು ಗುಪ್ತನಾಮ. ಆದರೂ ಕೆಲಸ ನಡೆಯಿತು. 2018ರ ಅಕ್ಟೋಬರ್‌ನಲ್ಲಿ ಬುಲೆಟ್‌ಪ್ರೂಫ್ಸ್ ಎಂಬ ಗಣಿತ ತಂತ್ರವನ್ನು ಅಳವಡಿಸಿಕೊಂಡಾಗ ಒಂದು ವಹಿವಾಟಿನ ಗಾತ್ರ ಸುಮಾರು ಶೇ. 80ರಷ್ಟು ಇಳಿಯಿತು. ಅಳವಡಿಸುವ ಮುನ್ನ ಹೊರಗಿನ ತಜ್ಞರಿಂದ ಕೋಡ್ ಪರಿಶೋಧನೆ ಮಾಡಿಸಲು ಹಣ ಕೂಡಿಸಿದ್ದೂ ಸಮುದಾಯವೇ.

ತೊಡಕುಗಳೂ ಇದ್ದವು. ವಂತಿಗೆ ಬರುವುದು ಮೊನೆರೋ ನಾಣ್ಯದಲ್ಲೇ. 2018ರ ಆರಂಭದಲ್ಲಿ 400 ಡಾಲರ್ ದಾಟಿದ್ದ ಅದರ ಬೆಲೆ ವರ್ಷದ ಕೊನೆಗೆ 50 ಡಾಲರ್ ಆಸುಪಾಸಿಗೆ ಕುಸಿಯಿತು. ಇಂಥ ವರ್ಷದಲ್ಲಿ ನಾಣ್ಯದ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿಕೊಂಡವರ ಕೈಯಲ್ಲಿ ಉಳಿಯುವುದೆಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು 2023ರ ಸೆಪ್ಟೆಂಬರ್ 1ರಂದು. ವಂತಿಗೆಯ ವ್ಯಾಲೆಟ್‌ನಿಂದ 2,675.73 ಮೊನೆರೋ, ವಿಷಯ ಹೊರಬಿದ್ದಾಗಿನ ಬೆಲೆಯಲ್ಲಿ ಸುಮಾರು 4 ಲಕ್ಷ 60 ಸಾವಿರ ಡಾಲರ್, ಕಳುವಾಯಿತು. ಅದರ ಕೀಲಿ ಇದ್ದದ್ದು ಇಬ್ಬರ ಬಳಿ ಮಾತ್ರ. ವಿಷಯ ಬಹಿರಂಗವಾದದ್ದು ನವೆಂಬರ್‌ನಲ್ಲಿ. ಕಳ್ಳತನವಾದ ಹಣ ಬರಬೇಕಿದ್ದದ್ದು ಕೆಲಸ ಮಾಡುತ್ತಿದ್ದವರಿಗೆ. ಆ ಬಾಕಿಯನ್ನು ಯೋಜನೆಯ ಸಾಮಾನ್ಯ ನಿಧಿಯಿಂದ ತುಂಬುವ ದಾರಿ ಹಿಡಿಯಲಾಯಿತು. ಆ ನಿಧಿಯೂ ದೇಣಿಗೆಯದೇ.

ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇಲ್ಲಿನ ವಿರೋಧ. ಬ್ಯಾಂಕನ್ನಾಗಲಿ ಸರ್ಕಾರವನ್ನಾಗಲಿ ನಂಬಬೇಕಿಲ್ಲ, ಗಣಿತವೇ ಸಾಕು ಎಂದು ಹೊರಟ ನಾಣ್ಯಗಳು ಇವು. ವಹಿವಾಟಿನ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಆದರೆ ಆ ಗಣಿತವನ್ನು ಕೋಡಾಗಿಸಿ ದಿನದಿನವೂ ದುರಸ್ತಿ ಮಾಡುವ ಕೆಲಸ ಹಳೆಯ ಕಾಲದ ನಂಬಿಕೆಯ ಮೇಲೆಯೇ ನಡೆದಿದೆ: ಹಣ ಇಟ್ಟುಕೊಂಡವರು ಕಾಯುತ್ತಾರೆ, ಪಡೆದವರು ದುಡಿಯುತ್ತಾರೆ, ನಾಳೆಯೂ ಯಾರೋ ಕೊಡುತ್ತಾರೆ ಎಂಬ ನಂಬಿಕೆ. ಅದು ಮುರಿಯಬಲ್ಲದು ಎಂಬುದನ್ನು 2023 ತೋರಿಸಿತು. ಮುರಿದ ಮೇಲೂ ಮೊನೆರೋದಲ್ಲಿ ಹೊಸ ಪ್ರಸ್ತಾವಗಳು ಬಂದವು, ಹೆಸರಿಲ್ಲದ ಜನ ಮತ್ತೆ ವಂತಿಗೆ ಹಾಕಿದರು. ಕೀಲಿ ಕಾಯುವ ಕ್ರಮವನ್ನು ಬಿಗಿಗೊಳಿಸಬಹುದು, ಗೊಳಿಸಲೂ ಬೇಕು. ಕೊಡುವ ಮನಸ್ಸನ್ನು ಮಾತ್ರ ಯಾವ ಕೋಡಿನಲ್ಲೂ ಬರೆದಿಡಲಾಗದು.