ಪಂಗಡಭೇದದ ಮೂಲ: ಕೋಲಾರ ಸೀಮೆಯ ಸಾಕ್ಷ್ಯ

ಕ್ರೈಸ್ತಸಭೆಯು ಇಷ್ಟೊಂದು ಪಂಗಡಗಳಾಗಿ ಒಡೆದಿರುವುದೇಕೆ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಸಿದ್ಧಾಂತಗಳ ಚರಿತ್ರೆಯಿಂದ ಉತ್ತರ ಹೇಳುತ್ತೇವೆ. 451ರ ಖಲ್ಕೆದೋನ್ ಮಹಾಸಭೆಯಲ್ಲಿ ಕ್ರಿಸ್ತನ ಸ್ವಭಾವಗಳನ್ನು ಕುರಿತು ನಡೆದ ವಾದ, 1054ರಲ್ಲಿ ರೋಮ್ ಹಾಗೂ ಕಾನ್‌ಸ್ಟಾಂಟಿನೋಪಲ್‌ಗಳ ಅಗಲಿಕೆ, 1517ರಲ್ಲಿ ಲೂಥರನು ಎತ್ತಿದ ಪ್ರಶ್ನೆಗಳು ನಿಜವಾದ ಕಾರಣಗಳೇ ಸರಿ. ಆದರೆ ನಮ್ಮ ಜನರ ಪಾಲಿಗೆ ಬಂದಿರುವ ಭೇದಗಳೆಲ್ಲವನ್ನೂ ಇವು ವಿವರಿಸಲಾರವು.

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದಿಂದ ಪಶ್ಚಿಮದ ಕಡೆಗೆ ಚಿಕ್ಕಬಳ್ಳಾಪುರ, ದಕ್ಷಿಣಕ್ಕೆ ಕೋಲಾರ. 2007ರವರೆಗೆ ಇವೆಲ್ಲವೂ ಒಂದೇ ಜಿಲ್ಲೆಯಾಗಿದ್ದವು. ಅದೇ ರಾಗಿಯ ಹೊಲ, ಅದೇ ಕೆರೆಯ ನೀರಿನ ಚಿಂತೆ, ಅದೇ ಕನ್ನಡ-ತೆಲುಗಿನ ಬೆರೆತ ಮಾತು. ಆದರೂ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ನೆಟ್ಟ ಸಭೆ ಇಂದು ದಕ್ಷಿಣ ಭಾರತ ಸಭೆಯಲ್ಲಿದೆ. ಕೋಲಾರದಲ್ಲಿ ಅಮೆರಿಕದ ಮಿಷನ್ ಬೆಳೆಸಿದ ಸಭೆ ಭಾರತದ ಮೆಥೊಡಿಸ್ಟ್ ಸಭೆಯಲ್ಲಿದೆ. 1876–78ರ ಕ್ಷಾಮಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬವರು ಕೋಲಾರದಲ್ಲಿ ಅನಾಥಾಲಯವನ್ನು ನಡೆಸಿದರು. ಮೊದಲು ಲಂಡನ್ ಮಿಷನ್ನಿನಲ್ಲಿದ್ದ ಅವರು 1890ರಲ್ಲಿ ತಮ್ಮ ಕಾರ್ಯವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಅಲ್ಲಿ ಬೆಳೆದ ಮಕ್ಕಳು ಮೆಥೊಡಿಸ್ಟರಾದುದು ಸಿದ್ಧಾಂತಗಳನ್ನು ತೂಗಿ ನೋಡಿ ಅಲ್ಲ; ಹಸಿದಾಗ ಅನ್ನವಿಕ್ಕಿದ ಮನೆ ಯಾರ ಕೈಸೇರಿತೋ ಅವರ ಹೆಸರು ಇವರಿಗೂ ಬಂದಿತು.

ಮೈಸೂರು, ತುಮಕೂರುಗಳಲ್ಲಿ ದುಡಿದ ಇಂಗ್ಲಿಷ್ ವೆಸ್ಲಿಯನ್ನರೂ ಮೆಥೊಡಿಸ್ಟರೇ. ಹಾಗಾದರೆ ಈ ಇಬ್ಬರೂ ಬೇರೆಯಾದುದೇಕೆ? ವೆಸ್ಲಿಯು ಸಾಯುವವರೆಗೂ ಆಂಗ್ಲಿಕನ್ ಸಭೆಯನ್ನು ಬಿಡಲಿಲ್ಲ. ಆದರೆ ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿ ಸಂಸ್ಕಾರಗಳನ್ನು ನೀಡುವ ಯಾಜಕರು ವಿರಳರಾದರು. 1784ರಲ್ಲಿ ಅಲ್ಲಿನ ಮೆಥೊಡಿಸ್ಟರು ಪ್ರತ್ಯೇಕ ಸಭೆಯಾದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಲಂಡನ್ ಮಿಷನ್ನಿನ ಪರಂಪರೆಯವರು ಮತ್ತು ವೆಸ್ಲಿಯನ್ನರು ದಕ್ಷಿಣ ಭಾರತ ಸಭೆಯಾಗಿ ಕೂಡಿದಾಗ ಕೋಲಾರದವರು ಹೊರಗುಳಿದರು. 1970ರಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗಲೂ ಅವರ ಸಭೆ ಸೇರಲಿಲ್ಲ. 1981ರಲ್ಲಿ ಅದು ಭಾರತದ ಸ್ವಾಯತ್ತ ಮೆಥೊಡಿಸ್ಟ್ ಸಭೆಯಾಯಿತು. ಅಟ್ಲಾಂಟಿಕ್ ತೀರದಲ್ಲಿ ನಡೆದ ಯುದ್ಧವೊಂದರ ಗೆರೆ ಹೀಗೆ ನಮ್ಮ ಬಯಲುಸೀಮೆಯ ಹಳ್ಳಿಗಳ ನಡುವೆಯೂ ಹಾದುಹೋಯಿತು.

ಆದುದರಿಂದ ಭೇದಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮನಸ್ಸಾಕ್ಷಿಯಿಂದ ಹುಟ್ಟಿದ ಭೇದವನ್ನು ಗೌರವದಿಂದ ಚರ್ಚಿಸಬೇಕು. ಭೂಪಟದಿಂದಲೂ ಆಡಳಿತದಿಂದಲೂ ಹುಟ್ಟಿದುದನ್ನು ನಂಬಿಕೆಯ ಹೆಸರಿನಲ್ಲಿ ಸಮರ್ಥಿಸಬಾರದು. ಪೌಲ, ಅಪೊಲ್ಲೋಸರ ಹೆಸರು ಹಿಡಿದು ಬಡಿದಾಡಿದ ಕೊರಿಂಥದವರಿಗೆ ಆ ಸೇವಕರನ್ನು ಕಣ್ಣಾರೆ ಕಂಡವರೆಂಬ ನೆಪವಾದರೂ ಇತ್ತು. ನಮಗೆ ಅದೂ ಇಲ್ಲ. ಕರ್ತನ ಮೇಜಿನ ಬಳಿಗೆ ಬಂದವನನ್ನು ಯಾವ ಸಭೆಯವನೆಂದು ಕೇಳುವ ಮುನ್ನ, ಆ ಹೆಸರು ಅವನಿಗೆ ಹೇಗೆ ಬಂದಿತೆಂಬುದನ್ನು ಸಭಾಪಾಲಕರಾದ ನಾವು ಅರಿತಿರಬೇಕು.