ತಪಾಸಣೆಯ ದಿನ

ಇನ್ಸ್‌ಪೆಕ್ಟರರು ಬರುವ ದಿನ ಶಾಲೆಯ ಗೋಡೆಗೆ ಸುಣ್ಣ ಬಳಿಸಿ, ಜಾಣ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ನಾಟಕದಲ್ಲಿ ನನ್ನ ಪಾಲೂ ಇತ್ತು. ಇಂಗ್ಲೆಂಡಿನ ಆರೈಕೆ ಕೇಂದ್ರಗಳ ಚರಿತ್ರೆಯನ್ನು ಓದುವಾಗಲೆಲ್ಲ ಅದು ನೆನಪಾಗಿ ನಾಚಿಕೆಯೆನಿಸುತ್ತದೆ.

ಬಡವರನ್ನು ದುಡಿಸಿ ಅನ್ನವಿಕ್ಕುತ್ತಿದ್ದ ‘ವರ್ಕ್‌ಹೌಸ್’ ಪದ್ಧತಿಗೆ 1948ರ ಕಾಯ್ದೆಯು ಅಲ್ಲಿ ತೆರೆಯೆಳೆಯಿತು. ವೃದ್ಧರಿಗೆ ಮನೆಯಂತಹ ಚಿಕ್ಕ ನಿವಾಸಗಳನ್ನು ಒದಗಿಸುವ ಆಶಯ ಮೂಡಿತು. ಹತ್ತು ವರ್ಷಗಳ ತರುವಾಯ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಸಂಗಡಿಗರೊಡನೆ 173 ನಿವಾಸಗಳನ್ನು ಸಂದರ್ಶಿಸಿ, ಅಲ್ಲಿದ್ದ ವೃದ್ಧರನ್ನೇ ಮಾತನಾಡಿಸಿದರು. ಅನೇಕರು ಇನ್ನೂ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲಿಯೇ ಇದ್ದರೆಂಬುದನ್ನು 1962ರ ಅವರ ಗ್ರಂಥ ‘ದಿ ಲಾಸ್ಟ್ ರೆಫ್ಯೂಜ್’ ಬಯಲಿಗೆಳೆಯಿತು.

ಮುಂದೆ ತಪಾಸಣೆಗೆ ಆಯೋಗವೇ ಬಂದಿತು. ಆದರೂ ಬ್ರಿಸ್ಟಲ್ ಬಳಿ, ಬೌದ್ಧಿಕ ನ್ಯೂನತೆಯುಳ್ಳ ವಯಸ್ಕರಿಗೆಂದಿದ್ದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಅದು ತಡೆಯಲಿಲ್ಲ. ಅಲ್ಲಿಯ ಶುಶ್ರೂಷಕರೊಬ್ಬರು ಕೊಟ್ಟ ದೂರಿಗೂ ಆಯೋಗ ಸಕಾಲದಲ್ಲಿ ಕಿವಿಗೊಡಲಿಲ್ಲ. 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ಅದನ್ನು ಜಗತ್ತಿಗೆ ತೋರಿಸಿತು. ಮರುವರ್ಷ 11 ಮಂದಿ ಸಿಬ್ಬಂದಿಗೆ ಶಿಕ್ಷೆಯಾಯಿತು.

ಆ ಬಳಿಕ ಆಯೋಗವು ಐದು ಪ್ರಶ್ನೆಗಳನ್ನು ರೂಪಿಸಿಕೊಂಡಿತು: ಆರೈಕೆ ಸುರಕ್ಷಿತವೇ? ಪರಿಣಾಮಕಾರಿಯೇ? ಅದರಲ್ಲಿ ಅಕ್ಕರೆಯಿದೆಯೇ? ಅವರವರ ಅಗತ್ಯಕ್ಕೆ ಅದು ಸ್ಪಂದಿಸುತ್ತದೆಯೇ? ಆಡಳಿತ ಸಮರ್ಥವಾಗಿದೆಯೇ?

ನಿಮ್ಮ ಹಿರಿಯರಿಗಾಗಿ ಆಶ್ರಮವೊಂದನ್ನು ನೋಡುವ ಪ್ರಸಂಗ ಬಂದರೆ, ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗಿರಿ. ಮುಂದಿನ ಸಾಲಿನವರನ್ನಲ್ಲ, ಮೂಲೆಯಲ್ಲಿ ಸುಮ್ಮನೆ ಕುಳಿತವರನ್ನು ಮಾತನಾಡಿಸಿರಿ.